ಅಪ್ಪನ ಹಳೇ ಕಂಪ್ಯೂಟರಿನಲ್ಲಿ ಮೊಮ್ಮಗಳ ವಿಡಿಯೋ ಕಾಣಿಸುತ್ತಿಲ್ಲ, ಯಾವ ಕೋಡೆಕ್ ಹಾಕಲಿ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಅಪ್ಪ ನಿವೃತ್ತ ಮೇಷ್ಟ್ರು, ಸಾಗರದ ಹತ್ತಿರ ಊರಲ್ಲಿದ್ದಾರೆ. ಅವರದು 2010ರಲ್ಲಿ ತಂದ ಕಂಪ್ಯೂಟರ್. ಕೋರ್ 2 ಡ್ಯುಯೋ, 2 ಜಿಬಿ ರ‍್ಯಾಮ್, ವಿಂಡೋಸ್ 7. ಹೊಸದು ತರೋಣ ಅಂದರೆ ಒಪ್ಪುವುದಿಲ್ಲ. ಮೊಮ್ಮಗಳ ಹುಟ್ಟುಹಬ್ಬದ ವಿಡಿಯೋವನ್ನು ತಂಗಿಯ ಐಫೋನಿನಿಂದ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿಕೊಟ್ಟೆವು. ಸದ್ದು ಬರುತ್ತದೆ, ಚಿತ್ರ ಇಲ್ಲ. ಅದೇ ವಿಡಿಯೋ ವಾಟ್ಸಾಪಿನಲ್ಲಿ ಬಂದಿದ್ದು ಮಾತ್ರ ಚೆನ್ನಾಗಿ ಓಡುತ್ತದೆ! ಗೊತ್ತಿದ್ದವರೊಬ್ಬರು ಕೋಡೆಕ್ ಪ್ಯಾಕ್ ಹಾಕಿ ಅಂದರು. ಒಂದು ಸಾಲದು ಅಂತ ಎರಡು ಹಾಕಿದೆವು. ಈಗ ಮೊದಲು ಓಡುತ್ತಿದ್ದ ಯಕ್ಷಗಾನದ ಎವಿಐ ಫೈಲುಗಳೂ ನಿಂತುಹೋಗಿವೆ. ಆ ಫೋಲ್ಡರ್ ತೆರೆದರೆ ಸಾಕು, 'ಕಾಮ್ ಸರೊಗೇಟ್ ಕೆಲಸ ನಿಲ್ಲಿಸಿದೆ' ಅಂತ ಇಂಗ್ಲಿಷಿನಲ್ಲಿ ಒಂದು ಡಬ್ಬಿ ಬರುತ್ತದೆ. ಇನ್ನು 2003ರ ಅಕ್ಕನ ಮದುವೆಯ ವಿಸಿಡಿ ಇದೆ. ಅದರ ಡ್ಯಾಟ್ ಫೈಲ್ ಒತ್ತಿದರೆ 'ಯಾವುದರಲ್ಲಿ ತೆರೆಯಲಿ' ಅಂತ ಕೇಳುತ್ತದೆ. ಇದಕ್ಕೆಲ್ಲ ಯಾವ ಕೋಡೆಕ್ ಹಾಕಬೇಕು?

ಉತ್ತರ: ದಯವಿಟ್ಟು ಮೂರನೇ ಪ್ಯಾಕ್ ಹಾಕಬೇಡಿ. ನಿಮ್ಮ ನಾಲ್ಕು ತೊಂದರೆಗಳಲ್ಲಿ ಎರಡು, ಅಂದರೆ ಯಕ್ಷಗಾನ ನಿಂತಿದ್ದು ಮತ್ತು ಆ ಡಬ್ಬಿ ಬರುತ್ತಿರುವುದು, ಆ ಪ್ಯಾಕುಗಳಿಂದಲೇ ಆಗಿರುವ ಸಾಧ್ಯತೆ ಜಾಸ್ತಿ. ವಿಸಿಡಿಗೆ ಕೋಡೆಕ್ ಬೇಕಾಗೇ ಇಲ್ಲ. ಐಫೋನ್ ವಿಡಿಯೋಗೆ ಬೇಕು ನಿಜ, ಆದರೆ ಕೋಡೆಕ್ ಒಂದರಿಂದಲೇ ಅದು ಬಗೆಹರಿಯುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಉತ್ತರ ಕರ್ನಾಟಕದ ಹಳೇ ಮನೆಗಳಲ್ಲಿ ಮೋಡಿ ಲಿಪಿಯ, ಅಂದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹದ ಕಾಗದಪತ್ರಗಳು ಸಿಗುತ್ತವೆ. ಲಕೋಟೆ ಬಿಚ್ಚಲು ಯಾರಿಗಾದರೂ ಬರುತ್ತದೆ. ಒಳಗಿರುವುದನ್ನು ಓದಲು ಮೋಡಿ ಬಲ್ಲವರೇ ಬೇಕು. ವಿಡಿಯೋ ಫೈಲಿನದೂ ಇದೇ ಕತೆ. ಎವಿಐ, ಎಂಪಿ4, ಎಂಒವಿ, ಎಂಕೆವಿ ಅಂತ ಹೆಸರಿನ ಕೊನೆಗೆ ಕಾಣುತ್ತದಲ್ಲ, ಅದು ಬರೀ ಲಕೋಟೆ. ಒಳಗೆ ಚಿತ್ರ ಒಂದು ಲಿಪಿಯಲ್ಲಿ, ಸದ್ದು ಇನ್ನೊಂದು ಲಿಪಿಯಲ್ಲಿ ಇರುತ್ತದೆ. ಆ ಲಿಪಿ ಬರೆಯಲು, ಓದಲು ಬಲ್ಲ ಸಾಫ್ಟ್‌ವೇರ್ ತುಣುಕೇ ಕೋಡೆಕ್. 'ಎಂಪಿ4 ಓಡ್ತಿಲ್ಲ, ಎಂಪಿ4 ಕೋಡೆಕ್ ಕೊಡಿ' ಅಂತ ಕೇಳುವುದು 'ಕಂದು ಲಕೋಟೆ ಓದುವವರು ಬೇಕು' ಅಂದ ಹಾಗೆ.

ನಿಮ್ಮ ಒಗಟಿಗೆ ಇಲ್ಲೇ ಉತ್ತರ ಇದೆ. ತಂಗಿಯ ಐಫೋನ್ ಚಿತ್ರವನ್ನು ಎಚ್‌ಇವಿಸಿ ಅನ್ನುವ ಲಿಪಿಯಲ್ಲಿ ಬರೆಯುತ್ತದೆ. ಎಚ್.265 ಅಂತಲೂ ಕರೆಯುತ್ತಾರೆ. ಸದ್ದನ್ನು ಎಎಸಿಯಲ್ಲಿ ಬರೆಯುತ್ತದೆ. ವಿಂಡೋಸ್ 7 ಬಂದಿದ್ದು 2009ರಲ್ಲಿ, ಎಚ್‌ಇವಿಸಿ ಸಿದ್ಧವಾಗಿದ್ದು 2013ರಲ್ಲಿ, ಐಫೋನಿಗೆ ಬಂದಿದ್ದು 2017ರ ಐಒಎಸ್ 11ರಲ್ಲಿ. ಹುಟ್ಟದೇ ಇದ್ದ ಲಿಪಿಯನ್ನು ವಿಂಡೋಸ್ 7 ಕಲಿಯುವುದಾದರೂ ಹೇಗೆ? ಎಎಸಿ ಅದಕ್ಕೆ ಗೊತ್ತು. ಹಾಗಾಗಿ ಸದ್ದು ಕೇಳಿಸಿತು, ಚಿತ್ರ ಕಾಣಲಿಲ್ಲ. ವಾಟ್ಸಾಪ್ ಏನು ಮಾಡುತ್ತದೆ ಅಂದರೆ, ಕಳಿಸುವ ಮೊದಲು ವಿಡಿಯೋವನ್ನು ಚಿಕ್ಕದು ಮಾಡಿ 2003ರ ಎಚ್.264 ಲಿಪಿಯಲ್ಲಿ ಮತ್ತೆ ಬರೆಯುತ್ತದೆ. ಅದನ್ನು ವಿಂಡೋಸ್ 7 ಹುಟ್ಟಿದಾಗಿನಿಂದ ಬಲ್ಲದು. ಮಸುಕಾದ ಕಾಪಿ ಓಡಿತು, ಚೊಕ್ಕವಾದ ಅಸಲಿ ಓಡಲಿಲ್ಲ.

ಈಗ ಮೊದಲು ಕಸ ಗುಡಿಸೋಣ.

ಕೋಡೆಕ್ ಪ್ಯಾಕ್ ಅನ್ನುವುದು ಹತ್ತಾರು ಕೋಡೆಕ್‌ಗಳ ಮೂಟೆ. ಅವು ವಿಂಡೋಸಿನ ಒಳಗೇ ಹೋಗಿ ಹೆಸರು ನೋಂದಾಯಿಸಿಕೊಳ್ಳುತ್ತವೆ. ಪ್ರತಿಯೊಂದಕ್ಕೂ 'ಮೆರಿಟ್' ಅಂತ ಒಂದು ಅಂಕ ಇರುತ್ತದೆ. ಒಂದೇ ಲಿಪಿ ಓದಲು ಇಬ್ಬರು ಮೂವರು ಇದ್ದರೆ ಮೆರಿಟ್ ಜಾಸ್ತಿ ಇದ್ದವರಿಗೆ ಕೆಲಸ. ಎರಡು ಪ್ಯಾಕ್ ಹಾಕಿದಾಗ ಎರಡೂ 'ನಾನು ಮುಂದೆ, ನಾನು ಮುಂದೆ' ಅನ್ನುತ್ತವೆ. ಮೊದಲು ಸುಮ್ನೆ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದ ವಿಂಡೋಸಿನ ಸ್ವಂತ ಕೋಡೆಕ್ ಮೂಲೆಗೆ ಬೀಳುತ್ತದೆ. ನಾನೂ 2006ರ ಸುಮಾರಿಗೆ ನಾಲ್ಕು ಪ್ಯಾಕ್ ಒಂದರ ಮೇಲೊಂದು ಹೇರಿ, ಕೊನೆಗೆ ಹಾಡೂ ಕೇಳಿಸದೆ ಇಡೀ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದವನೇ. ಹಾಗಾಗಿ ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ.

ಆ ಡಬ್ಬಿಯ ವಿಚಾರ. ಫೋಲ್ಡರ್ ತೆರೆದ ಕೂಡಲೇ ವಿಂಡೋಸ್ ಪ್ರತಿ ವಿಡಿಯೋದಿಂದ ಒಂದು ಪುಟ್ಟ ಚಿತ್ರ ತೆಗೆದು ತೋರಿಸಲು ಹೋಗುತ್ತದೆ. ಅದಕ್ಕೂ ಕೋಡೆಕ್ ಬೇಕಲ್ಲ? ಕೋಡೆಕ್ ಕೆಟ್ಟದ್ದಾದರೆ ಫೋಲ್ಡರ್ ತೋರಿಸುವ ಇಡೀ ಎಕ್ಸ್‌ಪ್ಲೋರರ್ ಬಿದ್ದುಹೋಗಬಾರದು ಅಂತ ಈ ಕೆಲಸವನ್ನು ಒಬ್ಬ ಬದಲಿ ಆಳಿಗೆ ಕೊಟ್ಟಿರುತ್ತದೆ. ಆ ಬದಲಿ ಆಳೇ ಕಾಮ್ ಸರೊಗೇಟ್. ಅವನು ಬಿದ್ದ ಅಂತ ಬಂದ ಸುದ್ದಿ ಅದು. ನೀವು ಯಾವ ವಿಡಿಯೋವನ್ನೂ ಮುಟ್ಟದೇ ಇದ್ದರೂ ಡಬ್ಬಿ ಬರುವುದು ಇದಕ್ಕೇ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್' ತೆರೆಯಿರಿ. ದಿನಾಂಕದ ಪ್ರಕಾರ ಜೋಡಿಸಿ. ಪ್ಯಾಕ್ ಹಾಕಿದ ದಿನ ಬಂದಿದ್ದೆಲ್ಲ ಕಾಣುತ್ತದೆ. ಎರಡೂ ಪ್ಯಾಕ್ ತೆಗೆದು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಅವುಗಳ ಜೊತೆ ಟೂಲ್‌ಬಾರ್, 'ಸ್ಪೀಡ್ ಬೂಸ್ಟರ್' ಥರದ್ದು ಏನಾದರೂ ಬಂದಿದ್ದರೆ ಅದನ್ನೂ ತೆಗೆಯಿರಿ. ಹೆಚ್ಚಿನ ಸಲ ಇಷ್ಟಕ್ಕೇ ಯಕ್ಷಗಾನ ಮತ್ತೆ ಓಡುತ್ತದೆ. ಓಡದಿದ್ದರೆ ಸಿಸ್ಟಮ್ ರಿಸ್ಟೋರ್ ತೆರೆದು, ಪ್ಯಾಕ್ ಹಾಕುವ ಮುಂಚಿನ ದಿನಕ್ಕೆ ಹೋಗಿ. ನಿಮ್ಮ ಫೋಟೋ, ವಿಡಿಯೋಗಳಿಗೆ ಅದರಿಂದ ಏನೂ ಆಗುವುದಿಲ್ಲ. ಅದೂ ಆಗದಿದ್ದರೆ ಕೋಡೆಕ್ ಪ್ಯಾಕ್ ಮಾಡುವ ಕೆ-ಲೈಟ್‌ನವರ 'ಕೋಡೆಕ್ ಟ್ವೀಕ್ ಟೂಲ್' ಅಂತ ಒಂದು ಪುಟ್ಟ ಸಾಧನ ಇದೆ. ನೋಂದಣಿ ಉಳಿದು ಫೈಲ್ ಇಲ್ಲದ ಮುರುಕು ಕೋಡೆಕ್‌ಗಳನ್ನು ಅದು ಹುಡುಕಿ ತೆಗೆಯುತ್ತದೆ.

ಗುಡಿಸಿದ ಮೇಲೆ ವಿಎಲ್‌ಸಿ ಅನ್ನುವ ಉಚಿತ ವಿಡಿಯೋ ಪ್ಲೇಯರ್ ಹಾಕಿ. ಇದನ್ನು ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಯಾರೂ ಹೇಳುವುದಿಲ್ಲ. ಪ್ಯಾರಿಸಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು 1996ರಲ್ಲಿ ಕ್ಯಾಂಪಸ್ಸಿನ ನೆಟ್‌ವರ್ಕಿನಲ್ಲಿ ವಿಡಿಯೋ ಹರಿಸಲು ಶುರು ಮಾಡಿದ ಕೆಲಸ ಇದು. 2001ರಿಂದ ಎಲ್ಲರಿಗೂ ಮುಕ್ತ ಸಾಫ್ಟ್‌ವೇರ್ ಆಗಿ ಸಿಗುತ್ತಿದೆ. ಇದರ ಗುಟ್ಟು ಏನೆಂದರೆ, ಇದಕ್ಕೆ ಬೇಕಾದ ಕೋಡೆಕ್‌ಗಳೆಲ್ಲ ಇದರ ಹೊಟ್ಟೆಯಲ್ಲೇ ಇವೆ. ವಿಂಡೋಸಿನ ಕೋಡೆಕ್ ಪಟ್ಟಿಗೆ ಇದು ಕೈ ಹಾಕುವುದೇ ಇಲ್ಲ. ಹಾಗಾಗಿ ಬೇರೆ ಯಾವುದನ್ನೂ ಕೆಡಿಸುವುದಿಲ್ಲ. ಹಾಗೇ ವಿಂಡೋಸ್ ಮೀಡಿಯಾ ಪ್ಲೇಯರಿಗೆ ಇದರಿಂದ ಉಪಕಾರವೂ ಇಲ್ಲ. 'ವಿಎಲ್‌ಸಿ ಹಾಕಿದ್ದೇನೆ, ಆದರೂ ಮೀಡಿಯಾ ಪ್ಲೇಯರಿನಲ್ಲಿ ಚಿತ್ರ ಬರ್ತಿಲ್ಲ' ಅಂತ ಕೇಳುವವರು ಬಹಳ ಜನ. ಬರುವುದಿಲ್ಲ. ವಿಎಲ್‌ಸಿಯಲ್ಲೇ ತೆರೆಯಬೇಕು. ಅಪ್ಪನಿಗೆ ಸುಲಭ ಆಗಲಿ ಅಂದರೆ ವಿಡಿಯೋಗಳಿಗೆಲ್ಲ ಅದನ್ನೇ ಡಿಫಾಲ್ಟ್ ಮಾಡಿಬಿಡಿ.

ವಿಎಲ್‌ಸಿಯನ್ನು ಅದನ್ನು ಮಾಡುವ ವಿಡಿಯೋಲ್ಯಾನ್ ಸಂಸ್ಥೆಯ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ಸರ್ಚಿನಲ್ಲಿ ಮೇಲೆ ಜಾಹೀರಾತು ಅಂತ ಬರುವ ಕೊಂಡಿಗಳನ್ನು ಒತ್ತಬೇಡಿ. 'ಈ ವಿಡಿಯೋ ನೋಡಲು ಕೋಡೆಕ್ ಹಾಕಿ' ಅಂತ ಯಾವುದಾದರೂ ವೆಬ್‌ಸೈಟ್ ಕೇಳಿದರೆ ಕಿಟಕಿ ಮುಚ್ಚಿ ಎದ್ದುಬಿಡಿ. 2005ರ ನಂತರ ಝ್ಲಾಬ್ ಅನ್ನುವ ವೈರಸ್ ಲೋಕವೆಲ್ಲ ಹರಡಿದ್ದು ಹೀಗೇ, ಕೋಡೆಕ್ ವೇಷ ಹಾಕಿಕೊಂಡು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿದೆ. ಅಂಥ ಕಂಪ್ಯೂಟರಿನಲ್ಲಿ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ ಅಂತ ಅಪ್ಪನಿಗೆ ಹೇಳಿ.

ವಿಎಲ್‌ಸಿಯಲ್ಲಿ ಒಂದು ಕೀಲಿ ಕಲಿತುಕೊಳ್ಳಿ: ವಿಡಿಯೋ ಓಡುತ್ತಿರುವಾಗ ಕಂಟ್ರೋಲ್ ಮತ್ತು ಜೆ ಒತ್ತಿ. ಒಳಗಿನ ಲಿಪಿ ಯಾವುದು, ಚಿತ್ರ ಎಷ್ಟು ದೊಡ್ಡದು, ಸೆಕೆಂಡಿಗೆ ಎಷ್ಟು ಚೌಕಟ್ಟು (ಫ್ರೇಮ್), ಎಲ್ಲ ತೋರಿಸುತ್ತದೆ. ಹಳೇ ಎವಿಐಗಳಲ್ಲಿ ಡಿವ್‌ಎಕ್ಸ್, ಎಕ್ಸ್‌ವಿಡ್ ಅಂತ ಸಿಗುತ್ತವೆ. ಎರಡನೆಯದು ಮೊದಲನೆಯದರ ಅಕ್ಷರ ತಿರುಗಿಸಿ ಇಟ್ಟ ಹೆಸರು. ಒಂದು ಮಾರಾಟದ ದಾರಿ ಹಿಡಿಯಿತು, ಇನ್ನೊಂದು ಅದಕ್ಕೆ ಎದುರಾಗಿ ಮುಕ್ತವಾಗಿ ಬೆಳೆಯಿತು. ನಿಮ್ಮ ಯಕ್ಷಗಾನದ ಫೈಲುಗಳು ಇವೆರಡರಲ್ಲಿ ಒಂದು ಇರಬೇಕು. ಹಳೇ ನೋಕಿಯಾದ 3ಜಿಪಿ ಫೈಲುಗಳಿದ್ದರೆ ಅವನ್ನೂ ವಿಎಲ್‌ಸಿ ಓದುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವಿಎಲ್‌ಸಿಗೆ ಎಚ್‌ಇವಿಸಿ ಓದಲು ಬರುತ್ತದೆ. ಹುಟ್ಟುಹಬ್ಬದ ವಿಡಿಯೋ ಅದರಲ್ಲಿ ತೆರೆದರೆ ಚಿತ್ರ ಬರುತ್ತದೆ. ಆದರೆ ತಂಗಿ 4ಕೆಯಲ್ಲಿ ತೆಗೆದಿದ್ದರೆ ಮೇಣದಬತ್ತಿ ಊದುವುದು ಫೋಟೋ ಆಲ್ಬಮ್ ತಿರುವಿದ ಹಾಗೆ ಒಂದೊಂದೇ ಚಿತ್ರವಾಗಿ ಬರುತ್ತದೆ. ಸದ್ದು ಮುಂದೆ ಹೋಗಿ ಚಿತ್ರ ಹಿಂದೆ ಉಳಿಯುತ್ತದೆ. ಆಗ ನೀವು 'ಇನ್ನೂ ಯಾವುದೋ ಕೋಡೆಕ್ ಬೇಕು' ಅಂದುಕೊಳ್ಳುತ್ತೀರಿ. ಬೇಕಾಗಿಲ್ಲ. ಕೋಡೆಕ್ ಕೊಡುವುದು ವಿದ್ಯೆ, ಶಕ್ತಿ ಅಲ್ಲ. ಮೋಡಿ ಓದಲು ಬರುವ ಎಂಬತ್ತರ ಅಜ್ಜನ ಮುಂದೆ ನಿಮಿಷಕ್ಕೆ ನೂರು ಪುಟ ಇಟ್ಟರೆ ಏನಾಗುತ್ತದೆ?

ಲೆಕ್ಕ ನೋಡಿ. ಅಕ್ಕನ ಮದುವೆಯ ವಿಸಿಡಿಯಲ್ಲಿ ಒಂದು ಚೌಕಟ್ಟು ಅಂದರೆ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ. ಒಟ್ಟು ಒಂದು ಲಕ್ಷದ ಆಸುಪಾಸು. 4ಕೆ ಅಂದರೆ 3840ಕ್ಕೆ 2160. ಸುಮಾರು 83 ಲಕ್ಷ ಚುಕ್ಕಿ. ಒಂದೇ ಚೌಕಟ್ಟಿಗೆ 80 ಪಟ್ಟಿಗಿಂತ ಜಾಸ್ತಿ ಕೆಲಸ. ವಿಸಿಡಿಯಲ್ಲಿ ಸೆಕೆಂಡಿಗೆ 25 ಚೌಕಟ್ಟು, ಐಫೋನಿನಲ್ಲಿ 30 ಅಥವಾ 60. ಅದರ ಮೇಲೆ ಎಚ್‌ಇವಿಸಿ ಸಿಕ್ಕಾಪಟ್ಟೆ ಒತ್ತಿ ಬರೆದ ಲಿಪಿ. ಎಚ್.264ರ ಅರ್ಧದಷ್ಟು ಜಾಗದಲ್ಲಿ ಅಷ್ಟೇ ಚೊಕ್ಕ ಚಿತ್ರ ಹಿಡಿಸುತ್ತದೆ. ಜಾಗ ಉಳಿಸಿದ್ದನ್ನೆಲ್ಲ ಬಿಡಿಸಿ ಓದುವವರು ಬೆವರಿನಲ್ಲಿ ತೀರಿಸಬೇಕು.

ಹಾಗಾದರೆ ಅಂಗೈಯಷ್ಟು ಫೋನ್ ಅದನ್ನು ಹೇಗೆ ಓಡಿಸುತ್ತದೆ? ಅದರ ಚಿಪ್ಪಿನೊಳಗೆ ಎಚ್‌ಇವಿಸಿ ಬಿಡಿಸಲೆಂದೇ ಒಂದು ಬೇರೆ ಭಾಗ ಇದೆ. ಇಂಟೆಲ್ ತನ್ನ ಕಂಪ್ಯೂಟರ್ ಪ್ರೊಸೆಸರ್‌ಗಳಿಗೆ ಇದನ್ನು ಪೂರ್ತಿಯಾಗಿ ತಂದಿದ್ದು 2015ರ ಆರನೇ ಪೀಳಿಗೆಯಲ್ಲಿ. ಕೋರ್ 2 ಡ್ಯುಯೋ ಅದಕ್ಕಿಂತ ಎಷ್ಟೋ ಹಿಂದಿನದು. ಅದು ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ, ಮೈಮುರಿದು ಮಾಡಬೇಕು. 720ಪಿ, ಅಂದರೆ ಉದ್ದಕ್ಕೆ 720 ಚುಕ್ಕಿಯ ಎಚ್‌ಇವಿಸಿ ಆದರೆ ಹೇಗೋ ನಿಭಾಯಿಸುತ್ತದೆ. 1080ಪಿ ಎಳೆದಾಟ. 4ಕೆ ಆಸೆ ಬಿಡಿ. ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಆಗುತ್ತದೆ ಅಂತ ಯಾರಾದರೂ ಸಲಹೆ ಕೊಟ್ಟಾರು. ಅಗ್ಗಕ್ಕೆ ಸಿಗುವ ಜಿಟಿ 710 ಕಾರ್ಡಿನಲ್ಲಿ ಎಚ್‌ಇವಿಸಿ ಬಿಡಿಸುವ ಭಾಗವೇ ಇಲ್ಲ. ಜಿಟಿ 1030ರಲ್ಲಿ ಇದೆ. ಆದರೆ ಹದಿನೈದು ವರ್ಷದ ಮದರ್‌ಬೋರ್ಡಿಗೆ ಆ ದುಡ್ಡು ಸುರಿಯಿರಿ ಅಂತ ನಾನಂತೂ ಹೇಳುವುದಿಲ್ಲ.

ನನ್ನ ಪ್ರಕಾರ ಸರಿಯಾದ ದಾರಿ ಬೇರೆ. ಹಳೇ ಯಂತ್ರಕ್ಕೆ ಹೊಸ ಲಿಪಿ ಕಲಿಸುವ ಬದಲು, ಅದಕ್ಕೆ ಗೊತ್ತಿರುವ ಲಿಪಿಯಲ್ಲೇ ಬರೆದು ಕೊಡಿ. ಬರೆಯುವ ಕಷ್ಟವನ್ನು ಹೊಸ ಯಂತ್ರ ಪಡಲಿ.

ಅತಿ ಸುಲಭದ್ದು ತಂಗಿಯ ಫೋನಿನಲ್ಲೇ ಆಗುತ್ತದೆ. ಐಫೋನಿನ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಅಂತ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಮುಂದೆ ತೆಗೆಯುವ ವಿಡಿಯೋ ಎಚ್.264ರಲ್ಲಿ ಬರುತ್ತದೆ. ಅಲ್ಲೇ 'ರೆಕಾರ್ಡ್ ವಿಡಿಯೋ' ಅನ್ನುವಲ್ಲಿ 1080ಪಿ, ಸೆಕೆಂಡಿಗೆ 30 ಅಂತ ಇಡಿ. ಫೋನ್ ಐಫೋನ್ 12 ಅಥವಾ ಅದಕ್ಕಿಂತ ಹೊಸದಾದರೆ ಬೆಳಕು, ಬಣ್ಣಗಳನ್ನು ಇನ್ನೂ ವಿಸ್ತಾರವಾಗಿ ಹಿಡಿಯುವ 'ಎಚ್‌ಡಿಆರ್ ವಿಡಿಯೋ' ಆಫ್ ಮಾಡಿಬಿಡಿ. ಇಲ್ಲದಿದ್ದರೆ ಹಳೇ ಮಾನಿಟರಿನಲ್ಲಿ ಬಣ್ಣ ತೊಳೆದು ಹಾಕಿದ ಬಟ್ಟೆಯ ಹಾಗೆ ಕಾಣುತ್ತದೆ. ಊರಿಗೆ ಬರುವ ಮುಂಚೆ ಒಮ್ಮೆ ಹೀಗೆ ಮಾಡಿಕೊಂಡು ಬಾ ಅಂತ ತಂಗಿಗೆ ಹೇಳಿದರೆ ಆಯಿತು, ಅಲ್ವಾ? ಫೋಟೋಸ್ ಸೆಟ್ಟಿಂಗಿನಲ್ಲಿ 'ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ' ಅಂತ ಒಂದಿದೆ. ಅದನ್ನು 'ಆಟೋಮ್ಯಾಟಿಕ್' ಮಾಡಿದರೆ ಕೇಬಲ್ ಹಾಕಿ ತೆಗೆಯುವಾಗ ಫೋನೇ ಬದಲಾಯಿಸಿ ಕೊಡಲು ನೋಡುತ್ತದೆ. ಉದ್ದದ ವಿಡಿಯೋಗಳಲ್ಲಿ ಇದು ಕೆಲವು ಸಲ ಮಧ್ಯದಲ್ಲೇ ಕೈ ಕೊಡುತ್ತದೆ. ನಾನು ಇದನ್ನೇ ನಂಬಿ ಕೂರುವುದಿಲ್ಲ.

ಈಗಾಗಲೇ ತೆಗೆದಿರುವ ಹುಟ್ಟುಹಬ್ಬದ ವಿಡಿಯೋಗೆ ನಿಮ್ಮ ಹೊಸ ಲ್ಯಾಪ್‌ಟಾಪ್ ಬಳಸಿ. ಹ್ಯಾಂಡ್‌ಬ್ರೇಕ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದರ ಈಗಿನ ಆವೃತ್ತಿ ವಿಂಡೋಸ್ 7ರಲ್ಲಿ ನಡೆಯುವುದಿಲ್ಲ, ಅದಕ್ಕೇ ಲ್ಯಾಪ್‌ಟಾಪ್ ಅಂದೆ. ಫೈಲನ್ನು ಎಳೆದು ಅದರೊಳಗೆ ಹಾಕಿ. ಪ್ರಿಸೆಟ್ ಪಟ್ಟಿಯಲ್ಲಿ 'ಫಾಸ್ಟ್ 720ಪಿ30' ಆರಿಸಿ. ಸ್ಟಾರ್ಟ್ ಒತ್ತಿ ಕಾಫಿ ಕುಡಿದು ಬನ್ನಿ. ಹೊರಗೆ ಬರುವ ಎಂಪಿ4 ಅಪ್ಪನ ಕಂಪ್ಯೂಟರಿನಲ್ಲಿ ಬೆಣ್ಣೆಯ ಹಾಗೆ ಓಡುತ್ತದೆ, ಮೀಡಿಯಾ ಪ್ಲೇಯರಿನಲ್ಲೂ ಓಡುತ್ತದೆ. 720 ಕಡಿಮೆ ಆಯಿತು ಅನಿಸಬಹುದು. 2010ರ ಮಾನಿಟರಿನಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟ. ಆದರೆ ಅಸಲಿ ಫೈಲನ್ನು ಮಾತ್ರ ಅಳಿಸಬೇಡಿ. ಪ್ರತಿ ಸಲ ಬದಲಾಯಿಸಿದಾಗಲೂ ಚಿತ್ರ ಸ್ವಲ್ಪ ಕಳೆದುಕೊಳ್ಳುತ್ತದೆ, ಕಳೆದದ್ದು ವಾಪಸ್ ಬರುವುದಿಲ್ಲ. ಅಸಲಿ ನಿಮ್ಮ ಹತ್ತಿರ ಇರಲಿ, ಕಾಪಿ ಅಪ್ಪನಿಗೆ.

ಲ್ಯಾಪ್‌ಟಾಪ್ ಇಲ್ಲದವರು ವಿಎಲ್‌ಸಿಯ 'ಮೀಡಿಯಾ' ಮೆನುವಿನಲ್ಲಿ 'ಕನ್ವರ್ಟ್/ಸೇವ್' ಬಳಸಬಹುದು. ಹಳೇ ಯಂತ್ರದಲ್ಲಿ ಹತ್ತು ನಿಮಿಷದ 4ಕೆ ವಿಡಿಯೋಗೆ ರಾತ್ರಿಯೆಲ್ಲ ಹಿಡಿದರೂ ಆಶ್ಚರ್ಯ ಬೇಡ.

1080ಪಿ ಫೈಲುಗಳು ಒಂಚೂರು ತಡೆದು ತಡೆದು ಓಡಿದರೆ ವಿಎಲ್‌ಸಿಯಲ್ಲಿ ಒಂದು ಕಳ್ಳದಾರಿ ಇದೆ. 'ಟೂಲ್ಸ್', 'ಪ್ರಿಫರೆನ್ಸಸ್', 'ಇನ್‌ಪುಟ್/ಕೋಡೆಕ್ಸ್' ತೆರೆಯಿರಿ. 'ಸ್ಕಿಪ್ ಎಚ್.264 ಇನ್-ಲೂಪ್ ಡಿಬ್ಲಾಕಿಂಗ್ ಫಿಲ್ಟರ್' ಅನ್ನುವ ಕಡೆ 'ಆಲ್' ಇಡಿ. ಚೌಕಚೌಕವಾಗಿ ಕಾಣುವುದನ್ನು ಉಜ್ಜಿ ನಯ ಮಾಡುವ ಕೊನೆಯ ಹಂತ ಅದು. ಅದನ್ನು ಬಿಟ್ಟರೆ ಚಿತ್ರ ತುಸು ಒರಟಾಗುತ್ತದೆ, ಪ್ರೊಸೆಸರ್ ಉಸಿರಾಡುತ್ತದೆ. ಅಪ್ಪನ ಕಣ್ಣಿಗೆ ಅದು ಗೊತ್ತಾಗುವುದು ಅನುಮಾನ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅಪ್ಪ ಯೂಟ್ಯೂಬಿನಲ್ಲಿ ತಾಳಮದ್ದಲೆ ಕೇಳುವವರಾದರೆ ಅಲ್ಲೂ ಇದೇ ಗೋಳು ಇರುತ್ತದೆ. ಯೂಟ್ಯೂಬ್ ವಿಪಿ9, ಎವಿ1 ಅನ್ನುವ ಹೊಸ ಲಿಪಿಗಳಲ್ಲಿ ಕಳಿಸುತ್ತದೆ. ಹಳೇ ಪ್ರೊಸೆಸರ್ ಒದ್ದಾಡುತ್ತದೆ, ಫ್ಯಾನ್ ಜೋರಾಗುತ್ತದೆ. ಎಚ್.264ನ್ನೇ ಕಳಿಸು ಅಂತ ಕೇಳುವ 'ಎಚ್264ಇಫೈ' ಅನ್ನುವ ಬ್ರೌಸರ್ ಆ್ಯಡ್-ಆನ್ ಇದೆ. ಅದೂ ಬೇಡ ಅಂದರೆ ಗುಣಮಟ್ಟ 480ಪಿಗೆ ಇಳಿಸಿ. ತಾಳಮದ್ದಲೆಯಲ್ಲಿ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ.

ಇನ್ನೂ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ: ಸರ್ವಿಸ್ ಪ್ಯಾಕ್ 3 ಇದ್ದರೆ ವಿಎಲ್‌ಸಿ 3 ನಡೆಯುತ್ತದೆ. ಇಂಟರ್ನೆಟ್ ಕಿತ್ತು ಬಳಸಿ.

ಕೊನೆಗೆ ಅಕ್ಕನ ಮದುವೆ. ವಿಸಿಡಿಯಲ್ಲಿರುವುದು ಎಂಪೆಗ್-1. ಕಂಪ್ಯೂಟರುಗಳು ಓದುವ ಲಿಪಿಗಳಲ್ಲಿ ಅದು ಅ ಆ ಇ ಈ ಇದ್ದ ಹಾಗೆ, ಎಲ್ಲದಕ್ಕೂ ಬರುತ್ತದೆ. ತೊಂದರೆ ಇರುವುದು ಲಕೋಟೆಯ ಹೆಸರಿನಲ್ಲಿ. ಡ್ಯಾಟ್ ಅನ್ನುವುದನ್ನು ಯಾವ್ಯಾವುದೋ ಸಾಫ್ಟ್‌ವೇರ್ ಯಾವ್ಯಾವುದಕ್ಕೋ ಬಳಸುತ್ತದೆ, ಹಾಗಾಗಿ ವಿಂಡೋಸ್ ಗಲಿಬಿಲಿಗೊಂಡು ನಿಮ್ಮನ್ನೇ ಕೇಳುತ್ತದೆ. ಡಿಸ್ಕಿನಲ್ಲಿ 'ಎಂಪೆಗ್‌ಎವಿ' ಅನ್ನುವ ಫೋಲ್ಡರ್ ಇರುತ್ತದೆ. ಅದರೊಳಗಿನ 'ಎವಿಸೆಕ್01' ಥರದ ಹೆಸರಿನ ಡ್ಯಾಟ್ ಫೈಲೇ ಮದುವೆ. ಅದನ್ನು ವಿಎಲ್‌ಸಿ ಕಿಟಕಿಗೆ ಎಳೆದು ಹಾಕಿದರೆ ಓಡುತ್ತದೆ. ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಹೆಸರಿನ ಕೊನೆಯ ಡ್ಯಾಟ್ ತೆಗೆದು ಎಂಪಿಜಿ ಅಂತ ಇಟ್ಟರೆ ಹೆಚ್ಚಿನ ಪ್ಲೇಯರುಗಳು ಕೇಳದೇ ತೆರೆಯುತ್ತವೆ.

ಆದರೆ ನೋಡುವುದಕ್ಕಿಂತ ಮೊದಲು ಕಾಪಿ ಮಾಡಿ. ಮಾಮೂಲಿ ಡೇಟಾ ಸಿಡಿಯಲ್ಲಿ ಪ್ರತಿ ತುಣುಕಿಗೆ 2048 ಬೈಟ್ ಮಾಹಿತಿ, ಉಳಿದ ಜಾಗ ತಪ್ಪು ತಿದ್ದಲು ಮೀಸಲು. ವಿಸಿಡಿ ಮಾಡಿದವರು ವಿಡಿಯೋ ಜಾಸ್ತಿ ಹಿಡಿಸಲಿ ಅಂತ ಆ ತಿದ್ದುವ ಜಾಗವನ್ನೂ ಕಬಳಿಸಿ 2324 ಬೈಟ್ ತುಂಬಿದರು. 74 ನಿಮಿಷದ ಸಿಡಿಯಲ್ಲಿ 74 ನಿಮಿಷದ ವಿಡಿಯೋ ಹಿಡಿಯುತ್ತಿದ್ದುದು ಹೀಗೆ. ಅದರ ಬೆಲೆ ಈಗ ತೆರಬೇಕಾಗಿದೆ: ಗೀರು ಬಿದ್ದ ಕಡೆ ಸರಿಪಡಿಸಿಕೊಳ್ಳುವ ತಾಕತ್ತು ವಿಸಿಡಿಗೆ ಕಡಿಮೆ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತು ಹೊಡೆಸಬೇಡಿ. ಕಾಪಿ ಮಧ್ಯದಲ್ಲಿ ನಿಂತರೆ ಇನ್ನೊಂದು ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಕೈಬಿಟ್ಟ ಡಿಸ್ಕನ್ನು ಇನ್ನೊಂದು ಓದಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದೂ ಆಗದಿದ್ದರೆ ಐಸೋಬಸ್ಟರ್ ಅನ್ನುವ ಸಾಫ್ಟ್‌ವೇರ್ ಕೆಟ್ಟ ಜಾಗ ಹಾರಿಸಿ ಉಳಿದದ್ದನ್ನು ತೆಗೆದುಕೊಡುತ್ತದೆ. ಧಾರೆಯ ಹೊತ್ತಿನಲ್ಲಿ ಎರಡು ಸೆಕೆಂಡು ಚೌಕಚೌಕ ಆದರೂ ಮಿಕ್ಕಿದ್ದು ಸಿಗುತ್ತದೆ. ವಿಸಿಡಿಯನ್ನು ಬೇರೆ ಲಿಪಿಗೆ ಬದಲಾಯಿಸಲು ಹೋಗಬೇಡಿ, ಲಾಭವೇ ಇಲ್ಲ. ಎರಡು ಕಡೆ ಕಾಪಿ ಇಡಿ. ಒಂದು ಅಪ್ಪನ ಕಂಪ್ಯೂಟರಿನಲ್ಲಿ, ಇನ್ನೊಂದು ಅಕ್ಕನ ಮನೆಯಲ್ಲಿ.